ವಾಪಸ್ ಕಳಿಸಿಬಿಟ್ರೆ ಅಂತ ಕೇಳಿದ್ದೀಯಲ್ಲ

ವಿಜಯಪುರ
ಸೋಮವಾರ ರಾತ್ರಿ

ಮಗಳೇ, ಕಾಕಾನ ಆಶೀರ್ವಾದಗಳು.

ನಿನ್ನ ಪತ್ರ ಶನಿವಾರವೇ ಬಂತು. ಮೂರು ಸಲ ಓದಿದೆ. ಮನೆ ಸುದ್ದಿಯೆಲ್ಲಾ ನಿಮ್ಮವ್ವ ಫೋನಿನಲ್ಲಿ ಹೇಳಿರ್ತಾರೆ, ಅದನ್ನೇ ಮತ್ತೆ ಬರೆಯೋದಿಲ್ಲ. ಯಾಕೆ ಒಬ್ಬಳೇ ಮಲೇಷ್ಯಾಕ್ಕೆ ಹೋಗ್ತೀಯ ಅಂತಲೂ ಕೇಳೋದಿಲ್ಲ, ಅದು ನಿಮ್ಮಪ್ಪನೂ ನೀನೂ ಮಾತಾಡಿ ಮುಗಿಸಿದ ವಿಷಯ. ಆದರೆ ಪತ್ರದ ಕೊನೆಯಲ್ಲಿ, ಸಹಿಯ ಮೇಲೆ, ಜಾಗ ಸಾಲದೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಬರೆದಿದ್ದೀಯಲ್ಲ. "ಕಾಕಾ, ಅಲ್ಲಿ ಇಳಿದ ಮೇಲೆ ಮುಂದಿನ ಟಿಕೆಟ್ ತೋರಿಸು ಅಂತ ಕೇಳಿ, ಇಲ್ಲ ಅಂದ್ರೆ ವಾಪಸ್ ಕಳಿಸಿಬಿಟ್ರೆ ಏನ್ ಮಾಡ್ಲಿ?" ಆ ಸಾಲು ಓದಿದಾಗಿನಿಂದ ನನಗೆ ಸರಿಯಾಗಿ ನಿದ್ದೆ ಬಂದಿಲ್ಲ.

ನೀನು ನನ್ನನ್ನೇ ಯಾಕೆ ಕೇಳಿದೆಯೋ ಗೊತ್ತಿಲ್ಲ. ವಿಮಾನದ ವಿಷಯ ನನಗೇನು ತಿಳೀಬೇಕು. ಆದರೆ ಟಿಕೆಟ್ ಇಲ್ಲ ಅಂದವರಿಗೆ "ಇಳೀರಿ" ಅಂದ ಬಾಯಿ ನನ್ನದು. ಬಸ್ ಕಂಡಕ್ಟರ್ ಆಗಿ 31 ವರ್ಷ ಅಂದಿದ್ದೇನೆ. ಅದಕ್ಕೇ ಇರಬೇಕು, ನಿನ್ನ ಸಾಲು ನೇರವಾಗಿ ಎದೆಗೆ ಬಂದು ಕೂತಿತು.

ಇವತ್ತು ಬೆಳಿಗ್ಗೆ ಬಸ್ ಸ್ಟ್ಯಾಂಡ್ ಹತ್ತಿರ ಟ್ರಾವೆಲ್ಸ್ ಇಟ್ಟಿರೋ ಹುಡುಗನ ಹತ್ತಿರ ಹೋಗಿ ಕೂತೆ. ನಿನ್ನ ಪತ್ರ ಜೇಬಿನಲ್ಲೇ ಇತ್ತು, ಆ ಸಾಲನ್ನು ಅವನಿಗೆ ಓದಿ ಹೇಳಿದೆ. ಮಲೇಷ್ಯಾಕ್ಕೆ ನಮ್ಮವರಿಗೆ ವೀಸಾ ಬೇಡ ಅನ್ನೋದು 2023ರ ಡಿಸೆಂಬರ್ 1ಕ್ಕೆ ಶುರುವಾಗಿದ್ದಂತೆ, ಈಗ 2026ರ ಡಿಸೆಂಬರ್ 31ರ ತನಕ ಮುಂದುವರಿಸಿದ್ದಾರಂತೆ, ಒಂದು ಸಲ ಹೋದರೆ 30 ದಿನ. ಇದೆಲ್ಲಾ ನಿನಗೆ ಗೊತ್ತೇ ಇರುತ್ತೆ. ಅವನು ಆಮೇಲೆ ಹೇಳಿದ ಮಾತು ಮಾತ್ರ ನನಗೆ ಹಿಡಿಸಿತು. "ವೀಸಾ ತಗೊಂಡು ಹೋದ್ರೆ ಮೊದಲೇ ಎಲ್ಲಾ ನೋಡಿ ಕಳಿಸಿರ್ತಾರ್ರೀ ಕಾಕಾ. ಇದರಾಗ ನೋಡೋದೆಲ್ಲಾ ಬಾಗಲದಾಗ." ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳು ಆಯುಷ್ಯ ಇದೆಯಾ, ಎಲ್ಲಿ ಇಳ್ಕೊಳ್ತೀಯ, ಕೈಯಲ್ಲಿ ದುಡ್ಡು ಎಷ್ಟಿದೆ, ಆ ದೇಶ ಬಿಟ್ಟು ಹೋಗೋ ಟಿಕೆಟ್ ಇದೆಯಾ. ಇಷ್ಟನ್ನೂ ಅಲ್ಲೇ ನಿಂತು ಎರಡು ನಿಮಿಷದಲ್ಲಿ ನೋಡ್ತಾರೆ. ಕೇಳಿದರೆ ಕೇಳಿದರು, ಕೇಳದಿದ್ದರೆ ಇಲ್ಲ. ಎಷ್ಟೋ ಜನರಿಗೆ ಏನೂ ಕೇಳದೆ ಮುದ್ರೆ ಒತ್ತಿ ಕಳಿಸ್ತಾರಂತೆ. ನಿನ್ನ ಗೆಳತಿಗೆ ಕೇಳಲಿಲ್ಲ ಅಂತ ಬರೆದಿದ್ದೀಯ, ನಿಜವೇ ಇರಬೇಕು. ಅವಳಿಗೆ ಕೇಳಲಿಲ್ಲ ಅಂತ ನಿನಗೂ ಕೇಳೋದಿಲ್ಲ ಅಂದ್ಕೋಬೇಡ.

ಮೊದಲು ಕೇಳೋದು ಅಲ್ಲಿ ಅಲ್ಲವಂತೆ, ಬೆಂಗಳೂರಿನಲ್ಲೇ, ಬ್ಯಾಗ್ ತೂಕ ಮಾಡೋ ಕೌಂಟರಿನಲ್ಲಿ. ಅಲ್ಲಿನವರು ಟೈಮ್ಯಾಟಿಕ್ ಅನ್ನೋ ಪಟ್ಟಿ ನೋಡ್ತಾರೆ, ಯಾವ ದೇಶಕ್ಕೆ ಏನೇನು ಕಾಗದ ಬೇಕು ಅಂತ ಅದರಲ್ಲಿರುತ್ತೆ. ಆ ದೇಶದವರು ನಿನ್ನನ್ನು ಒಳಗೆ ಬಿಡಲಿಲ್ಲ ಅಂದರೆ ವಾಪಸ್ ಕರ್ಕೊಂಡು ಬರೋ ಜವಾಬ್ದಾರಿ ವಿಮಾನದವರದ್ದೇ. ಎಷ್ಟೋ ದೇಶಗಳಲ್ಲಿ ಅವರಿಗೆ ದಂಡವೂ ಬೀಳುತ್ತೆ. ಇದನ್ನು ಕೇಳಿದಾಗ ನನಗೆ ತಟ್ಟನೆ ತಿಳೀತು. ನಮ್ಮ ಬಸ್ಸಿನಲ್ಲೂ ಹೀಗೇ. ಟಿಕೆಟ್ ಇಲ್ಲದೆ ಒಬ್ಬ ಕೂತಿದ್ದು ಚೆಕಿಂಗ್‌ನವರ ಕಣ್ಣಿಗೆ ಬಿದ್ದರೆ ಮೆಮೊ ಬರೋದು ಕಂಡಕ್ಟರಿಗೆ. ಅದಕ್ಕೇ ಕಂಡಕ್ಟರ್ ಮುಖ ಗಂಟು ಹಾಕ್ಕೊಂಡಿರ್ತಾನೆ. ಆ ಕೌಂಟರಿನ ಹುಡುಗಿಯೂ ಹಾಗೇ ಮುಖ ಮಾಡಿದರೆ ನೀನು ಮನಸ್ಸಿಗೆ ಹಚ್ಕೋಬೇಡ. ಅವಳ ತಲೆಯ ಮೇಲೂ ಯಾರೋ ಇದ್ದಾರೆ.

ಇನ್ನು ನಿನ್ನ ಯೋಜನೆ. ಕೌಲಾಲಂಪುರದಿಂದ ರೈಲು ಹಿಡಿದು ಪಡಾಂಗ್ ಬೆಸಾರ್ ಅನ್ನೋ ಗಡಿ ಸ್ಟೇಷನ್ನಿಗೆ ಹೋಗ್ತೀನಿ, ಅಲ್ಲೇ ಟಿಕೆಟ್ ತಗೊಂಡು ಥಾಯ್ಲೆಂಡಿನ ಹಟ್ ಯಾಯ್‌ಗೆ ಸಣ್ಣ ರೈಲು ಹತ್ತುತೀನಿ, ಆಮೇಲೆ ಬ್ಯಾಂಕಾಕಿನಿಂದ ಯಾವಾಗಾದರೂ ಮನೆಗೆ ಅಂತ ಬರೆದಿದ್ದೀಯ. ಆ ಸ್ಟೇಷನ್ನಿನಲ್ಲೇ ಎರಡೂ ದೇಶದ ಇಮಿಗ್ರೇಷನ್ ಇದೆಯಂತೆ, ಹುಡುಗ ಮೊಬೈಲಿನಲ್ಲಿ ತೋರಿಸಿದ. ಯೋಜನೆ ಚೆನ್ನಾಗಿದೆ. ಆದರೆ ಅದು ನಿನ್ನ ತಲೆಯೊಳಗಿದೆ. ಕೌಂಟರಿನಲ್ಲಿ ನಿಂತಾಗ ತೋರಿಸೋಕೆ ನಿನ್ನ ಕೈಯಲ್ಲಿ ಏನೂ ಇಲ್ಲ. ನೀನು ಹೇಳೋದು ಸುಳ್ಳಲ್ಲ ಅಂತ ನನಗೆ ಗೊತ್ತು, ನಿಮ್ಮಪ್ಪನಿಗೆ ಗೊತ್ತು. ಅಲ್ಲಿ ಕೂತವನಿಗೆ ಹೇಗೆ ಗೊತ್ತಾಗಬೇಕು?

ಇದನ್ನು ಬರೀತಾ ಇದ್ದ ಹಾಗೆ ಕೈ ನಿಲ್ಲುತ್ತೆ. ಒಂದು ವಿಷಯ ಹೇಳ್ತೀನಿ. ನಿಮ್ಮ ಕಾಕಿಗೂ ಹೇಳಿಲ್ಲ ಇದನ್ನ.

1994, ಡಿಸೆಂಬರ್. ರಾತ್ರಿ ಹತ್ತರ ಸೊಲ್ಲಾಪುರ ಗಾಡಿ. ಹದಿನೆಂಟು ಹತ್ತೊಂಬತ್ತು ವರ್ಷದ ಒಬ್ಬ ಹುಡುಗ ಹಿಂದಿನ ಸೀಟಿನಲ್ಲಿ ಕೂತಿದ್ದ. ಕಾಲ ಕೆಳಗೆ ಗೊಬ್ಬರದ ಚೀಲದಲ್ಲಿ ಬಟ್ಟೆ, ತೊಡೆಯ ಮೇಲೆ ಅರಿವೆಯಲ್ಲಿ ಕಟ್ಟಿದ ರೊಟ್ಟಿ. ಸೊಲ್ಲಾಪುರ ಅಂದ. ಮುಷ್ಟಿ ಬಿಚ್ಚಿದ, ಎಲ್ಲಾ ಚಿಲ್ಲರೆ, ಬೆವರಿಗೆ ಒದ್ದೆಯಾಗಿದ್ದವು. ಎಣಿಸಿದೆ. ಝಳಕಿಯ ತನಕ ಆಗುತ್ತೆ, ಮುಂದಕ್ಕೆ ಆಗೋದಿಲ್ಲ. "ನಮ್ಮ ಕಾಕಾ ಅಲ್ಲಿ ಚಾದರದ ಮಗ್ಗದಾಗ ಅದಾನ್ರಿ. ಸ್ಟ್ಯಾಂಡಿಗೆ ಬರ್ತೀನಿ ಅಂದಾನ. ಉಳಿದದ್ದು ಅವನು ಕೊಡ್ತಾನ್ರಿ" ಅಂದ. ದಿನಾ ಇಂಥ ಕಾಕಾಗಳ ಕತೆ ಎಷ್ಟು ಕೇಳ್ತಿದ್ದೆ ನಾನು. ಆ ತಿಂಗಳಲ್ಲಿ ಒಂದು ಮೆಮೊ ಆಗಲೇ ಆಗಿತ್ತು, ಧೂಳಖೇಡ ದಾಟೋ ಮೊದಲು ಚೆಕಿಂಗ್‌ನವರು ಹತ್ತಿದರೆ ಅಂತ ಹೆದರಿಕೆ. ಝಳಕಿಯ ತನಕ ಟಿಕೆಟ್ ಹರಿದು ಕೊಟ್ಟೆ. ಹನ್ನೊಂದೂವರೆಗೆ ಝಳಕಿ ಕ್ರಾಸಿನಲ್ಲಿ ಇಳಿಸಿದೆ. ಅವನು ಜಗಳ ಮಾಡಲಿಲ್ಲ, ಬೇಡ್ಕೊಳ್ಳಲೂ ಇಲ್ಲ. ಕೆಳಗೆ ನಿಂತು, "ಮುಂದಿನ ಗಾಡಿ ಎಷ್ಟೊತ್ತಿಗೆ ಐತ್ರಿ?" ಅಂತ ಅಷ್ಟೇ ಕೇಳಿದ. "ಮುಂಜಾನೆ" ಅಂದು ಡಬಲ್ ಬೆಲ್ ಹೊಡೆದೆ.

ಸೊಲ್ಲಾಪುರದಲ್ಲಿ ಜನ ಇಳಿದ ಮೇಲೆ, ಟಿಕೆಟ್ ಲೆಕ್ಕದ ವೇ ಬಿಲ್ ಬರೀತಾ ಕೂತಿದ್ದೆ. ಕಂಬಳಿ ಹೊದ್ದ ಒಬ್ಬ ಮನುಷ್ಯ ಕೈಯಲ್ಲಿ ಬ್ಯಾಟರಿ ಹಿಡ್ಕೊಂಡು ಬಸ್ಸಿನ ಸುತ್ತ ತಿರುಗಿದ. ಕಿಟಕಿ ಕಿಟಕಿಗೂ ಬೆಳಕು ಬಿಟ್ಟು ನೋಡಿದ. ಆಮೇಲೆ ಬಾಗಿಲಿಗೆ ಬಂದು, "ಬಿಜಾಪುರದಿಂದ ಒಬ್ಬ ಹುಡುಗ ಬರಬೇಕಿತ್ರಿ, ಬಂದಾನೇನ್ರಿ?" ಅಂದ.

ನಾನು ಇಲ್ಲ ಅಂದೆ.

ಇಳಿಸಿದ್ದಕ್ಕಿಂತ ಆ "ಇಲ್ಲ" ನನ್ನನ್ನು ಜಾಸ್ತಿ ಸುಡುತ್ತೆ. ಝಳಕಿಯಲ್ಲಿದ್ದಾನೆ ಅಂತ ಒಂದು ಮಾತು ಹೇಳಬಹುದಿತ್ತು. ಕಡಿಮೆ ಬಿದ್ದದ್ದು ನಾಲ್ಕೈದು ರೂಪಾಯಿ, ಅದು ನನ್ನ ಅಂಗಿ ಜೇಬಿನಲ್ಲಿತ್ತು. ಮರುದಿನ ವಾಪಸ್ ಬರುವಾಗ ಝಳಕಿ ಕ್ರಾಸಿನಲ್ಲಿ ಇಳಿದು ಚಹಾ ಅಂಗಡಿಯಲ್ಲಿ ಕೇಳಿದೆ, ಯಾರಿಗೂ ಗೊತ್ತಿರಲಿಲ್ಲ. ನೀನು "ವಾಪಸ್ ಕಳಿಸಿಬಿಟ್ರೆ" ಅಂತ ಬರೆದಾಗ ನನಗೆ ಕಂಡದ್ದು ವಿಮಾನ ನಿಲ್ದಾಣ ಅಲ್ಲ ಮಗಳೇ. ಆ ಕ್ರಾಸು, ಆ ಚೀಲ.

ನಿನ್ನನ್ನು ಹೆದರಿಸೋಕೆ ಬರೀಲಿಲ್ಲ ಇದನ್ನ. ನೀನು ಕೇಳಿದ್ದಕ್ಕೆ ಉತ್ತರ ಹುಡುಕುತ್ತಾ ಇಲ್ಲಿಗೆ ಬಂದೆ. ಆ ಹುಡುಗ ನಿಜವನ್ನೇ ಹೇಳಿದ್ದ. ಅವನ ಕಾಕಾ ನಿಜವಾಗಿಯೂ ಅಲ್ಲಿ ನಿಂತಿದ್ದ. ನನಗೆ ಕಾಣಲಿಲ್ಲ ಅಷ್ಟೇ. ಗೇಟಿನಲ್ಲಿ ನಿಂತವನಿಗೆ ಆ ಕಡೆ ಯಾರು ಕಾಯ್ತಿದ್ದಾರೆ ಅಂತ ಕಾಣೋದಿಲ್ಲ. ಅವನ ಕಣ್ಣಿಗೆ ಬೀಳೋ ಹಾಗೆ ಏನಾದರೂ ಕೈಯಲ್ಲಿರಲಿ ಅಂತ ನನ್ನ ಆಸೆ.

ಅದಕ್ಕೇ ಹೇಳ್ತೀನಿ, ತಪ್ಪು ತಿಳೀಬೇಡ, ಕೌಲಾಲಂಪುರದಿಂದ ಹೊರಗೆ ಹೋಗೋ ಒಂದು ವಿಮಾನದ ಟಿಕೆಟ್ ಈಗಲೇ ತಗೊಂಡುಬಿಡು. ಬ್ಯಾಂಕಾಕಿಗಾದರೂ ಸರಿ, ಬೆಂಗಳೂರಿಗಾದರೂ ಸರಿ. ಮನೆಗೇ ಬರೋ ಟಿಕೆಟ್ ಆಗಬೇಕು ಅಂತೇನಿಲ್ಲ, ಆ ದೇಶ ಬಿಡೋ ಟಿಕೆಟ್ ಆದರೆ ಸಾಕಂತೆ. ದುಡ್ಡು ವಾಪಸ್ ಬರೋ ಟಿಕೆಟ್ ಸಿಕ್ಕಿದರೆ ಒಳ್ಳೇದು, ರೈಲಿನಲ್ಲಿ ಹೋಗೋದೇ ಅಂತ ಆದರೆ ಆಮೇಲೆ ರದ್ದು ಮಾಡು. ರೈಲು ಬಸ್ಸಿನ ಟಿಕೆಟನ್ನು ಕೆಲವರು ಒಪ್ತಾರೆ, ಕೆಲವರು ಒಪ್ಪೋದಿಲ್ಲ, ಅದರ ಮೇಲೆ ಕೂರೋದು ಬೇಡ. ಖರ್ಚು ಜಾಸ್ತಿ ಆಗುತ್ತೆ ಅಂತ ಗೊತ್ತು. ನಾನು ಕೊಡ್ತೀನಿ ಅಂದರೆ ನೀನು ಬೇಡ ಅಂತೀಯ, ಆದರೂ ಕೇಳ್ತಾ ಇದ್ದೀನಿ. ಕಾಕಾನ ಕೈಯಿಂದ ಒಂದು ಟಿಕೆಟ್ ಅಂತ ಇರಲಿ.

ನಿನ್ನ ಗೆಳತಿ ಡಮ್ಮಿ ಟಿಕೆಟ್ ಅಂತ ಏನೋ ಹೇಳಿದಳು ಅಂದೆಯಲ್ಲ, ಅದು ಬೇಡ. ನಾಲ್ಕು ನೂರು ಐದು ನೂರಕ್ಕೆ ಸಿಗುತ್ತೆ ಅಂತ ಬರೆದಿದ್ದೀಯ. ಕೆಲವು ನಿಜವಾಗಿಯೂ ಬುಕ್ ಮಾಡಿ ಒಂದೆರಡು ದಿನ ಹಿಡಿದಿಟ್ಟು ಬಿಟ್ಟುಬಿಡೋವು, ಕೆಲವು ಬರೀ ಕಂಪ್ಯೂಟರಿನಲ್ಲಿ ಗೀಚಿದ ಕಾಗದ. ಪಿಎನ್‌ಆರ್ ಹಾಕಿ ನೋಡಿದ ತಕ್ಷಣ ಗೊತ್ತಾಗುತ್ತೆ. ಟಿಕೆಟ್ ಇಲ್ಲ ಅನ್ನೋದು ಒಂದು ತಪ್ಪು, ಸುಳ್ಳು ಟಿಕೆಟ್ ತೋರಿಸೋದು ಬೇರೆಯೇ ತಪ್ಪು. ಹಳೇ ಟಿಕೆಟ್ ಮಡಚಿ ತೋರಿಸೋರನ್ನು ನಾನು ನೋಡಿದ್ದೇನೆ. ದುಡ್ಡಿಲ್ಲ ಅಂದವನ ಮೇಲೆ ಬರೋ ಕರುಣೆ ಅವರ ಮೇಲೆ ಯಾರಿಗೂ ಬರ್ತಿರಲಿಲ್ಲ.

ದಿನದ ಲೆಕ್ಕ ಒಂದು. ನೀನು "ಒಂದು ತಿಂಗಳು" ಅಂತ ಬರೆದಿದ್ದೀಯ. ಅವರು ಕೊಡೋದು 30 ದಿನ. ಇಳಿದ ದಿನವನ್ನೇ ಒಂದನೇ ದಿನ ಅಂತ ಹಿಡಿ. ನವೆಂಬರ್ 5ಕ್ಕೆ ಇಳಿದರೆ ಡಿಸೆಂಬರ್ 4ಕ್ಕೆ 30 ಮುಗೀತು, 5 ಅಂದರೆ 31. ಮತ್ತೆ ರಾತ್ರಿ ವಿಮಾನದ ತಾರೀಕು ಹುಷಾರು. ರಾತ್ರಿ ಹನ್ನೆರಡೂವರೆ ಗಾಡಿಗೆ ರಿಸರ್ವೇಶನ್ ಮಾಡಿಸಿ ಒಂದು ದಿನ ತಡವಾಗಿ ಬಂದು, ಸೀಟಿನಲ್ಲಿ ಬೇರೆಯವರನ್ನು ನೋಡಿ ಅಳೋ ಮುಖ ಮಾಡಿದ ಎಷ್ಟು ಸಂಸಾರ ನೋಡಿದ್ದೇನೆ ನಾನು. ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ತಾಸು ಮುಂದೆ. ಥಾಯ್ಲೆಂಡ್ ಒಂದೂವರೆ ತಾಸು. ಎರಡು ಮೂರು ದಿನ ಕೈಯಲ್ಲಿ ಇಟ್ಕೊಂಡೇ ಹೊರಡು, ಕೊನೇ ದಿನದ ತನಕ ಎಳೀಬೇಡ. ಜ್ವರ ಬಂತು, ಮಳೆಗೆ ರೈಲು ನಿಂತಿತು ಅಂದರೆ? ಮಲೇಷ್ಯಾದ ಕಾಯ್ದೆಯಲ್ಲಿ ಅವಧಿ ಮೀರಿ ಉಳಿದವರಿಗೆ 10,000 ರಿಂಗಿಟ್‌ಗೆ ಕಡಿಮೆಯಿಲ್ಲದ ದಂಡ, ಇಲ್ಲವೇ 5 ವರ್ಷದ ತನಕ ಜೈಲು, ಎರಡೂ ಆಗಬಹುದು ಅಂತ ಬರೆದಿದ್ದಾರೆ. ಥಾಯ್ಲೆಂಡಿನಲ್ಲಿ ದಿನಕ್ಕೆ 500 ಬಾತ್, ಹೆಚ್ಚೆಂದರೆ 20,000.

ಥಾಯ್ಲೆಂಡಿನ ದಿನ ಎಷ್ಟು ಅಂತ ನಾನು ಬರೆಯೋದಿಲ್ಲ. 2023ರ ನವೆಂಬರಿನಲ್ಲಿ 30 ಇತ್ತು, 2024ರ ಜುಲೈನಲ್ಲಿ 60 ಮಾಡಿದರು, ಹೀಗೆ ಬದಲಾಗೋದನ್ನು ಹೊರಡೋ ವಾರದಲ್ಲಿ ಅವರ ಸರ್ಕಾರದ ವೆಬ್‌ಸೈಟಿನಲ್ಲೇ ನೋಡ್ಕೋ. ಮುದ್ರೆಯಲ್ಲಿ ಯಾವ ತಾರೀಕು ಒತ್ತಿದ್ದಾರೋ ಅದೇ ಲೆಕ್ಕ. ಕಿಟಕಿ ಬಿಟ್ಟು ನಾಲ್ಕು ಹೆಜ್ಜೆ ಹೋಗೋ ಮೊದಲೇ ಓದು. ಎರಡೂ ದೇಶಕ್ಕೆ ಇಳಿಯೋ ಮೊದಲಿನ ಮೂರು ದಿನದೊಳಗೆ ಆನ್‌ಲೈನಿನಲ್ಲಿ ಒಂದು ಕಾರ್ಡ್ ತುಂಬಬೇಕಂತೆ. ಅದಕ್ಕೆ ದುಡ್ಡಿಲ್ಲ, ದುಡ್ಡು ಕೇಳಿದರೆ ಅದು ಸರ್ಕಾರದ್ದಲ್ಲ ಅಂತ ತಿಳ್ಕೋ.

ಎಲ್ಲಾ ಮೊಬೈಲಿನಲ್ಲಿದೆ ಅಂತೀಯ. ಇರಲಿ. ಆದರೂ ಟಿಕೆಟ್, ಹೋಟೆಲ್ ಬುಕಿಂಗ್, ಬ್ಯಾಂಕಿನ ಕಾಗದ ಎರಡೆರಡು ಜೆರಾಕ್ಸ್ ತೆಗೆಸಿ ಕೈಗೆ ಸಿಗೋ ಹಾಗೆ ಇಟ್ಕೋ. ಕೇಳಿದಷ್ಟಕ್ಕೆ ಉತ್ತರ ಕೊಡು. "ಇನ್ನೂ ನೋಡ್ತೀನಿ, ಮನಸ್ಸು ಬಂದಷ್ಟು ದಿನ" ಅಂತ ನನಗೆ ಬರೆದ ಹಾಗೆ ಅವರ ಮುಂದೆ ಹೇಳಬೇಡ. ನನಗೆ ಆ ಮಾತು ಕೇಳೋಕೆ ಖುಷಿ, ಅವರಿಗೆ ಬೇರೆ ಥರ ಕೇಳುತ್ತೆ.

ಮತ್ತೆ ಆ ಸಾಲಿಗೇ ಬರ್ತೀನಿ. ಇಷ್ಟೆಲ್ಲಾ ಮಾಡಿಯೂ ವಾಪಸ್ ಕಳಿಸಿಬಿಟ್ಟರೆ? ಮಲೇಷ್ಯಾದಲ್ಲಿ ಅದಕ್ಕೆ ನಾಟ್ ಟು ಲ್ಯಾಂಡ್ ಅಂತಾರಂತೆ. ಒಂದು ಕೋಣೆಯಲ್ಲಿ ಕೂರಿಸಿ, ನೀನು ಬಂದ ವಿಮಾನದವರೇ ಮುಂದೆ ಹೊರಡೋ ವಿಮಾನದಲ್ಲಿ ಕಳಿಸ್ತಾರೆ. ಗಡೀಪಾರು ಬೇರೆ, ಇದು ಬೇರೆ. ಮುಂದೆ ಯಾವುದಾದರೂ ದೇಶದ ವೀಸಾ ಅರ್ಜಿಯಲ್ಲಿ "ಎಲ್ಲಾದರೂ ಒಳಗೆ ಬಿಡದೆ ಕಳಿಸಿದ್ದಾರಾ" ಅಂತ ಕೇಳಿದರೆ ಹೌದು ಅಂತ ನಿಜ ಬರೀಬೇಕು, ಅಷ್ಟೇ. ಊರವರು ಏನಂತಾರೆ ಅಂತ ನಿನಗೆ ಹೆದರಿಕೆ ಇದ್ದರೆ, ನೀನು ಬರೆದಿಲ್ಲ, ಆದರೆ ಇದೆ ಅಂತ ನನಗೆ ಅನಿಸ್ತು, ಆ ಭಾರ ನನ್ನ ಮೇಲೆ ಹಾಕು. ಯಾರಾದರೂ ಕೇಳಿದರೆ ಕಾಕಾನೇ ಬಾ ಅಂದ ಅನ್ನು. ಇಲ್ಲಿಂದ ರಾತ್ರಿ ಬಸ್ ಹತ್ತಿದರೆ ಬೆಳಿಗ್ಗೆ ನಾನು ಬೆಂಗಳೂರಿನಲ್ಲಿರ್ತೀನಿ, ವಿಮಾನ ನಿಲ್ದಾಣದ ಹೊರಗೆ ನಿಂತಿರ್ತೀನಿ. ಎಷ್ಟು ಹೊತ್ತಾದರೂ ನಿಂತಿರ್ತೀನಿ.

ನಿಮ್ಮ ಕಾಕಿ ಶೇಂಗಾ ಚಟ್ನಿ ಕುಟ್ಟಿ ಇಟ್ಟಿದ್ದಾಳೆ, ನಿಮ್ಮಪ್ಪನ ಕೈಯಲ್ಲಿ ಕಳಿಸ್ತೀನಿ. ಕಟಕ ರೊಟ್ಟಿ ಎಷ್ಟು ಬೇಕು ಬರಿ.

ಆ ದಿನ ಬೆಂಗಳೂರಿನ ಕೌಂಟರ್ ದಾಟಿದ ಮೇಲೆ ಒಂದು ಮಿಸ್ಡ್ ಕಾಲ್ ಕೊಡು. ಅಲ್ಲಿ ಇಳಿದು ಮುದ್ರೆ ಬಿದ್ದ ಮೇಲೆ ಇನ್ನೊಂದು. ಎಷ್ಟೊತ್ತಿಗಾದರೂ ಕೊಡು, ನಾನು ಎದ್ದೇ ಇರ್ತೀನಿ.

ನಿನ್ನ
ಕಾಕಾ