ಮಗಳಿಗೊಂದು ಪತ್ರ: ಮಾರ್ಕಾಸ್ ಮತ್ತೆ ಯಾಕೆ ಹೋದ?

ಪುಟ್ಟೀ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದು ತಲೆಯಲ್ಲೇ ಕೂತಿದೆ. 'ಒಂದು ಸಲ ಮೋಸ ಹೋದ ಮಾರ್ಕಾಸ್ ಮತ್ತೆ ಅದೇ ಮಂತ್ರಿಯ ಹಿಂದೆ ಹೋದನಲ್ಲಪ್ಪಾ, ಅವನೆಂಥ ಬುದ್ಧಿವಂತ?' ಆಗ ಉತ್ತರ ಹೊಳೆಯಲಿಲ್ಲ. ಫ್ರೆಂಚ್ ಕಥೆಗಾರ ಬಾಲ್ಜಾಕನ 'ಝಡ್. ಮಾರ್ಕಾಸ್' ಕಥೆ ಮತ್ತೆ ತೆಗೆದೆ. ಚಿಕ್ಕದು ಅಲ್ವಾ, ಒಂದು ಮಧ್ಯಾಹ್ನ ಸಾಕಾಯಿತು. 1840ರಲ್ಲಿ ಬಾಲ್ಜಾಕ್ ತನ್ನದೇ ಪತ್ರಿಕೆ ಶುರು ಮಾಡಿ ಅದರಲ್ಲಿ ಹಾಕಿಕೊಂಡ ಕಥೆ. ಪತ್ರಿಕೆ ಮೂರೇ ಸಂಚಿಕೆಗೆ ನಿಂತುಹೋಯಿತು!

ನಿನಗೆ ಮಂತ್ರಿ ಕಂಡ. ನನಗೆ ಕಂಡದ್ದು ಮಾರ್ಕಾಸ್ ಬರೆಯುವ ಮೇಜು. ಪ್ಯಾರಿಸ್‌ನ ಓದೆಯೋನ್ ರಂಗಮಂದಿರದ ಹತ್ತಿರ ಒಂದು ಬಾಡಿಗೆ ಮನೆ, ಪಕ್ಕದ ಕೋಣೆಯಲ್ಲಿ ಕಾಸಿಲ್ಲದ ಇಬ್ಬರು ವಿದ್ಯಾರ್ಥಿಗಳು, ಇವನು ಕಾನೂನಿನ ಕಾಗದ ನಕಲು ಮಾಡಿ ಹೊಟ್ಟೆ ಹೊರೆಯುತ್ತಾನೆ. ನಾನೂ ಕೋರ್ಟಿನ ನಕಲು ವಿಭಾಗದಲ್ಲಿ ಕೂತು ಮುದುಕನಾದವನು. ನಕಲು ಮಾಡುವವನು ಏನನ್ನೂ ತಿದ್ದುವ ಹಾಗಿಲ್ಲ. ಮೂಲದಲ್ಲಿ ಕಾಗುಣಿತ ತಪ್ಪಿದ್ದರೂ ಹಾಗೇ ಇಳಿಸಬೇಕು. ಸಂಜೆ ಹೊತ್ತಿಗೆ ಹೆಬ್ಬೆರಳಿನ ಬುಡ ಸೆಟೆದುಕೊಳ್ಳುತ್ತದೆ, ತಲೆ ಮಾತ್ರ ಇಡೀ ದಿನ ಖಾಲಿ. ನನ್ನಂಥವನಿಗೆ ಪರವಾಗಿಲ್ಲ. ರಾಜ್ಯ ನಡೆಸಬಲ್ಲ ತಲೆಯನ್ನು ಹಾಗೆ ಕೂರಿಸಿದರೆ?

ಚುನಾವಣೆಗೆ ನಿಲ್ಲಬಹುದಿತ್ತಲ್ಲ ಅಂತೀಯಾ. ಆಗಿನ ಫ್ರಾನ್ಸಿನಲ್ಲಿ 1831ರ ಕಾನೂನಿನಂತೆ ವರ್ಷಕ್ಕೆ 200 ಫ್ರಾಂಕ್ ನೇರ ತೆರಿಗೆ ಕಟ್ಟುವವನಿಗೆ ಓಟು, ಅಭ್ಯರ್ಥಿ ಆಗಬೇಕಾದರೆ 500 ಕಟ್ಟಬೇಕು. ಮೂರು ಕೋಟಿ ಮೀರಿದ ಜನರಲ್ಲಿ ಓಟಿದ್ದವರು ಎರಡು ಲಕ್ಷದ ಆಸುಪಾಸು. ಹೆಂಗಸರಿಗಂತೂ ಇಲ್ಲವೇ ಇಲ್ಲ. ಆಸ್ತಿಯಿಲ್ಲದ ಮಾರ್ಕಾಸ್ ಇನ್ನೊಬ್ಬನ ಹೆಗಲ ಮೇಲೆ ಕೂತೇ ಒಳಗೆ ಹೋಗಬೇಕು. ಇವನ ಬುದ್ಧಿಯಿಂದ ಮೇಲೆ ಬಂದ ಆ ಮನುಷ್ಯ ಮಂತ್ರಿಯಾದ ಮೇಲೆ ಏರಿದ ಏಣಿಯನ್ನೇ ಒದ್ದ. ಆಮೇಲೆ ಕಷ್ಟ ಬಂದಾಗ ಮತ್ತೆ ಇವನನ್ನೇ ಹುಡುಕಿಕೊಂಡು ಬಂದ.

ಇವನು ಹೋದ. ನೀನು ಅದನ್ನು ಪೆದ್ದುತನ ಅಂದೆ.

ನಿನಗೆ ಹೇಳದ ಒಂದು ವಿಷಯ ಇದೆ. ನೌಕರರ ಸಂಘದ ವಾರ್ಷಿಕೋತ್ಸವಕ್ಕೆ ಅಧ್ಯಕ್ಷರ ಭಾಷಣ ಬರೆದುಕೊಟ್ಟಿದ್ದೆ. ಅವರು ನನ್ನ ಹೆಸರೆತ್ತುವುದಿರಲಿ, ಊಟದ ಪಂಕ್ತಿಯಲ್ಲಿ ಎದುರು ಸಿಕ್ಕರೂ ಮುಖ ತಿರುಗಿಸಿದರು. ಮುಂದಿನ ವರ್ಷ ಕೇಳಿದಾಗ, ನಿಮ್ಮಮ್ಮ ಬೈದರೂ, ರಾತ್ರಿ ಒಂದು ಗಂಟೆವರೆಗೆ ಕೂತು ಮತ್ತೆ ಬರೆದೆ. ಯಾಕೆ ಗೊತ್ತಾ? ನನ್ನ ಮಾತು ಮೈಕಿನಲ್ಲಿ ಕೇಳಬೇಕಿತ್ತು, ಅಷ್ಟೇ. ಮಾರ್ಕಾಸನಿಗೂ ಮಂತ್ರಿಯ ಮೇಲೆ ನಂಬಿಕೆ ಬಂದು ಹೋದದ್ದಲ್ಲ ಅಂತ ನನಗನಿಸುತ್ತದೆ. ಬೇರೆ ಬಾಗಿಲು ಇರಲಿಲ್ಲ.

ವಾಪಸ್ ಬಂದಾಗ ಅವನಲ್ಲಿ ಏನೂ ಉಳಿದಿರಲಿಲ್ಲ. ಕಥೆಯಲ್ಲಿ ಅವನು ಸಾಯುವುದು 1838ರ ಜನವರಿಯಲ್ಲಿ, ಜ್ವರದಿಂದ. ಮೊಂಪಾರ್ನಾಸ್ ಸ್ಮಶಾನದ ಸಾಮೂಹಿಕ ಗುಂಡಿಗೆ ಹಾಕುತ್ತಾರೆ. ಹೆಣದ ಹಿಂದೆ ಹೋದವರು ಪಕ್ಕದ ಕೋಣೆಯ ಆ ಇಬ್ಬರು ಹುಡುಗರು. ಅವರೂ ಫ್ರಾನ್ಸ್ ಬಿಟ್ಟು ದೂರದೇಶಕ್ಕೆ ಹೊರಡುತ್ತಾರಲ್ಲ, ಆ ಭಾಗ ಓದುವಾಗ ನಿನ್ನ ನೆನಪಾಯಿತು, ಇರಲಿ ಬಿಡು.

ಇನ್ನೊಂದು ತಮಾಷೆ. ಬಾಲ್ಜಾಕನ ಗೆಳೆಯ ಗೋಜ್ಲಾನ್ ಬರೆದಿದ್ದಾನೆ: ಈ ಪಾತ್ರಕ್ಕೆ ಹೆಸರು ಬೇಕು ಅಂತ ಇಬ್ಬರೂ ಪ್ಯಾರಿಸ್ಸಿನ ಬೀದಿ ಬೀದಿ ಅಲೆದು ಅಂಗಡಿ ಬೋರ್ಡುಗಳನ್ನೆಲ್ಲ ಓದಿದರಂತೆ. ಕೊನೆಗೆ ಸಿಕ್ಕ ಮಾರ್ಕಾಸ್ ಯಾರು ಅಂದುಕೊಂಡೆ? ಒಬ್ಬ ದರ್ಜಿ! ಮಂತ್ರಿಗೆ ಮಾತ್ರ ಒಂದು ಹೆಸರನ್ನೂ ಇಡಲಿಲ್ಲ ಪುಣ್ಯಾತ್ಮ.

ಶನಿವಾರ ಫೋನ್ ಮಾಡು, ಜಗಳ ಬಾಕಿ ಇದೆ.

ನಿನ್ನ ಅಪ್ಪ