ಮಕ್ಕಳ ಪರಿಸರ ತಂಡಗಳಿಗೆ ಮಾರ್ಗದರ್ಶಕರು ಬೇಕು: ಪಾಲಕರಿಗೆ ಪತ್ರ

ಮಾನ್ಯ ಪಾಲಕರೇ,

ನಮಸ್ಕಾರ.

ಈ ವರ್ಷ ಎಂಟು ಮತ್ತು ಒಂಬತ್ತನೇ ತರಗತಿಯ ಮಕ್ಕಳನ್ನು ಐದೈದು ಜನರ ತಂಡ ಮಾಡಿದ್ದೇವೆ. ಶಾಲೆಯಲ್ಲಿ ನೀರು, ಅನ್ನ, ಕರೆಂಟು ಎಲ್ಲೆಲ್ಲಿ ಪೋಲಾಗುತ್ತಿದೆ ಎಂದು ತಾವೇ ಹುಡುಕಿ, ಅಳೆದು, ಕೈಲಾದ ಪರಿಹಾರವನ್ನು ತಾವೇ ಮಾಡಿ ನೋಡುವುದು ಈ ತಂಡಗಳ ಕೆಲಸ. ಪ್ರತಿ ತಂಡದ ಬೆನ್ನಿಗೆ ಒಬ್ಬ ಹಿರಿಯರು ಬೇಕು. ಆ ಹಿರಿಯರು ನೀವಾಗಬೇಕು ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ಪಾಲಕರ ಸಭೆಯಲ್ಲಿ ಈ ಮಾತು ಎತ್ತಿದಾಗ ಬಹಳ ಮಂದಿ ಹೇಳಿದ್ದು ಒಂದೇ ಮಾತು: "ನಾವು ಸಾಲಿ ಕಲತವರಲ್ರೀ ಮೇಡಂ, ಹುಡುಗ್ರಿಗೆ ಏನ್ ಹೇಳಿಕೊಡೂದು?" ಪಾಠ ಹೇಳಲು ನಾವಿದ್ದೇವೆ. ನಮಗೆ ಬೇಕಾಗಿರುವುದು ನಿಮ್ಮ ಕಸುಬಿನ ತಿಳಿವಳಿಕೆ. ಅದು ಪಠ್ಯಪುಸ್ತಕದಲ್ಲಿಲ್ಲ, ನಮ್ಮ ಶಿಕ್ಷಕರ ಕೈಯಲ್ಲೂ ಇಲ್ಲ.

ಹೋದ ವರ್ಷದ ಒಂದು ಸಂಗತಿ ಹೇಳುತ್ತೇನೆ. ಬಿಸಿಯೂಟದ ನಂತರ ಮಕ್ಕಳು ಕೈ, ತಾಟು ತೊಳೆದ ನೀರು ನಳದ ಕಟ್ಟೆಯ ಕೆಳಗೆ ನಿಂತು ಕೆಸರಾಗುತ್ತಿತ್ತು. ಅದನ್ನು ಕಾಂಪೌಂಡಿನ ಪಕ್ಕದ ಕೈತೋಟಕ್ಕೆ ಹರಿಸಬೇಕೆಂದು ಒಂದು ತಂಡ ಹೊರಟಿತು. ತೋಟ ತಗ್ಗಿನಲ್ಲಿದೆ ಎಂದು ಎಲ್ಲರೂ ನಂಬಿದ್ದರು, ನೋಡಿದರೂ ಹಾಗೇ ಕಾಣುತ್ತಿತ್ತು. ಗೌಂಡಿ ಕೆಲಸದ ಒಬ್ಬ ತಂದೆ ಮಟ್ಟ ನೋಡುವ ತಮ್ಮ ಪಾರದರ್ಶಕ ಪೈಪು ತಂದರು. ನೀರು ತುಂಬಿದರೆ ಅದರ ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಅದರಲ್ಲಿ ನೀರು ತುಂಬಿ, ಗಾಳಿಗುಳ್ಳೆ ಹೊರಗೆ ಹೋಗುವತನಕ ಕಾದು, ಒಂದು ತುದಿಯನ್ನು ಕಟ್ಟೆಯ ಹತ್ತಿರ ಒಬ್ಬ ಹುಡುಗಿಗೆ, ಇನ್ನೊಂದನ್ನು ತೋಟದ ಹತ್ತಿರ ಒಬ್ಬ ಹುಡುಗನಿಗೆ ಹಿಡಿಯಲು ಕೊಟ್ಟರು. ತಾವು ನಡುವೆ ನಿಂತು ಇಷ್ಟೇ ಅಂದರು: "ನೀರ ಎಲ್ಲಿ ನಿಂತೈತಿ ನೋಡ್ರಿ. ಅಲ್ಲಿಂದ ನೆಲ ಎಷ್ಟ ಕೆಳಗೈತಿ, ಇಬ್ರೂ ಅಳೀರಿ." ಅಳೆದಾಗ ತೋಟದ ನೆಲವೇ ನಾಲ್ಕು ಬೆರಳು ಎತ್ತರದಲ್ಲಿತ್ತು. ಕಾಲುವೆ ತೋಡಿದ್ದರೆ ನೀರು ತಿರುಗಿ ಕಟ್ಟೆಗೇ ಬರುತ್ತಿತ್ತು. ಮಕ್ಕಳು ಅರ್ಧ ಗಂಟೆ ವಾದ ಮಾಡಿ, ಕಟ್ಟೆಯ ಇನ್ನೊಂದು ಮಗ್ಗುಲಿಗೆ ಬಾಳೆ, ಪಪ್ಪಾಯಿ ಮಡಿ ಮಾಡಿದರು. ಉತ್ತರ ಆ ತಂದೆಗೆ ಮೊದಲೇ ಗೊತ್ತಿತ್ತೆಂದು ನನಗೆ ಖಾತ್ರಿಯಿದೆ. ಆದರೂ ಹೇಳಲಿಲ್ಲ. ನಿಮ್ಮಿಂದ ನಾನು ಕೇಳುತ್ತಿರುವುದು ಆ ತಾಳ್ಮೆಯನ್ನು.

ಇಳಿಜಾರಿನ ಈ ಲೆಕ್ಕ ನಮ್ಮ ವಿಜಯಪುರಕ್ಕೆ ಹೊಸದಲ್ಲ. ಆದಿಲಶಾಹಿ ಕಾಲದಲ್ಲಿ ತೊರವಿ ಕಡೆಯಿಂದ ಊರೊಳಗೆ ನೀರು ತಂದ ಸುರಂಗ ಬಾವಿಗಳಲ್ಲಿ ಯಂತ್ರ ಇರಲಿಲ್ಲ, ನೆಲದೊಳಗಿನ ಇಳಿಜಾರಷ್ಟೇ ಇತ್ತು. 1651ರಲ್ಲಿ ಕಟ್ಟಿದ ಬೇಗಂ ತಲಾಬ್ ಎಂಬ ಕೆರೆಯ ನೀರು ಮಣ್ಣಿನ ಕೊಳವೆಗಳಲ್ಲಿ ಹರಿದು ಬರುತ್ತಿತ್ತು. ಒತ್ತಡ ತಗ್ಗಲೆಂದು, ಹೂಳು ತಳಕ್ಕೆ ಕೂರಲೆಂದು ದಾರಿಯಲ್ಲಿ ಗಂಜ್ ಎಂಬ ಗೋಪುರಗಳನ್ನು ಕಟ್ಟಿದ್ದರು. ಪೈಪು ಹಿಡಿದು ಮಟ್ಟ ನೋಡಿದ ಮಕ್ಕಳು ಈ ಗಂಜ್‌ಗಳ ಮುಂದೆ ನಿಂತಾಗ ಕೇಳುವ ಪ್ರಶ್ನೆಗಳೇ ಬೇರೆ.

ಈ ಸಲ ಒಂದು ತಂಡ ಮಳೆಯ ಹಿಂದೆ ಬಿದ್ದಿದೆ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 600 ಮಿಲಿಮೀಟರಿನ ಆಸುಪಾಸು. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಅಂದರೆ 100 ಚದರ ಮೀಟರಿನ ಮಾಳಿಗೆಯ ಮೇಲೆ 60,000 ಲೀಟರ್ ಬೀಳುತ್ತದೆ. ಇಂಗಿದ್ದು, ಆರಿದ್ದು ಐದರಲ್ಲಿ ಒಂದು ಪಾಲು ಕಳೆದರೂ 48,000 ಲೀಟರ್ ಉಳಿಯಿತು. ಬೇಸಿಗೆಯಲ್ಲಿ ಟ್ಯಾಂಕರಿನ ದಾರಿ ಕಾಯುವ ನಮಗೆ ಇದು ಸಣ್ಣ ಲೆಕ್ಕವಲ್ಲ. ಮಕ್ಕಳು ನೆಟ್ಟಗಿನ ಗೋಡೆಯ ಒಂದು ಡಬ್ಬಿ ಬಯಲಿಗಿಟ್ಟು, ಮಳೆ ನಿಂತ ಮೇಲೆ ಸ್ಕೇಲು ಇಳಿಸಿ ಬರೆದುಕೊಳ್ಳುತ್ತಾರೆ. ನಮ್ಮಲ್ಲಿ ಹೆಚ್ಚು ಮಳೆಯಾಗುವುದು ಸೆಪ್ಟೆಂಬರಿನಲ್ಲಿ. ಅಷ್ಟರೊಳಗೆ ಮಾಳಿಗೆಯ ನೀರಿನ ಪೈಪು, ಶೋಧಕ, ತೊಟ್ಟಿ ಸಜ್ಜಾಗಬೇಕು. ಪ್ಲಂಬರ್ ಕೆಲಸ ಬಲ್ಲವರು ಈ ತಂಡಕ್ಕೆ ತುರ್ತಾಗಿ ಬೇಕು.

ಸೋರುವ ನಳಗಳನ್ನು ಹುಡುಕುವ ತಂಡವೂ ಇದೆ. ತೊಟ್ಟಿಕ್ಕುವ ನಳದ ಕೆಳಗೆ ಇಟ್ಟ ಒಂದು ಲೀಟರಿನ ಚಂಬು ನಲವತ್ತು ನಿಮಿಷಕ್ಕೆ ತುಂಬಿದರೆ ದಿನಕ್ಕೆ 36 ಲೀಟರ್ ಹೋಯಿತು. ಈ ಲೆಕ್ಕ ಮಾಡಿದ ಹುಡುಗ ಮನೆಯ ನಳವನ್ನೂ ಬಿಡುವುದಿಲ್ಲ! ಕಾಯಿಪಲ್ಲೆ ಸಿಪ್ಪೆ, ತಾಟಿನಲ್ಲಿ ಉಳಿದ ಅನ್ನ ಗೊಬ್ಬರವಾಗಬೇಕಾದರೆ ತಿಪ್ಪೆ ಬಲ್ಲ ರೈತರು ಬೇಕು. ಹಳೆಯ ಬಟ್ಟೆಯ ತಂಡಕ್ಕೆ ಕೌದಿ ಹೊಲಿಯುವ ತಾಯಂದಿರು, ಅಜ್ಜಿಯರು ಬಂದರೆ ನನಗೆ ಬಹಳ ಸಂತೋಷ. ಹರಿದ ಸೀರೆ, ಧೋತರ ಒಂದನ್ನೂ ಎಸೆಯದೆ ಬದುಕಿದವರು ಅವರು.

ಮಾರ್ಗದರ್ಶಕರು ಏನು ಮಾಡಬಾರದು ಎಂಬುದನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಮಕ್ಕಳ ಕೆಲಸವನ್ನು ನೀವು ಮಾಡಿಕೊಡಬೇಡಿ. ಅಂಗಡಿಯಿಂದ ಥರ್ಮಾಕೋಲ್ ತಂದು ಚೆಂದದ ಮಾದರಿ ಕಟ್ಟಿಸಬೇಡಿ. ಮಕ್ಕಳು ಬಂದು ಏನಾದರೂ ಹೇಳಿದರೆ "ಹ್ಯಾಂಗ ಗೊತ್ತಾತು? ಅಳದ ನೋಡಿದ್ರೇನು?" ಎಂದು ಕೇಳಿ. ಅವರು ಹಿಡಿದ ದಾರಿ ತಪ್ಪೆಂದು ಕಂಡರೂ, ಪೆಟ್ಟಾಗುವ ಭಯ ಇಲ್ಲದಿದ್ದರೆ ಮಾಡಿ ನೋಡಲು ಬಿಡಿ. ಒಳ್ಳೆಯ ಕೆಲಸಗಳನ್ನು ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶಕ್ಕೆ ಕಳಿಸುವ ಆಸೆ ನಮಗಿದೆ. 1993ರಿಂದ ನಡೆದು ಬಂದಿರುವ ಆ ಸಮಾವೇಶದಲ್ಲಿ ಕೇಳುವುದೂ ಮಗು ಸ್ವತಃ ನೋಡಿ, ಅಳೆದು, ಬರೆದದ್ದನ್ನೇ. ಬಹುಮಾನ ಬಂದರೆ ಬರಲಿ, ನಳದ ಸೋರಿಕೆ ನಿಲ್ಲುವುದು ಮುಖ್ಯ.

ವಾರಕ್ಕೆ ಒಂದು ತಾಸು ಸಾಕು. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ತಂಡಗಳು ಸೇರುತ್ತವೆ. ದಿನಗೂಲಿ ಬಿಟ್ಟು ಯಾರೂ ಬರಬೇಡಿ, ಅಂಥವರಿಗಾಗಿ ರವಿವಾರ ಮುಂಜಾನೆ ಸಮಯ ಹೊಂದಿಸುತ್ತೇವೆ. ದುಡಿಯಲು ಗೋವಾಕ್ಕೋ ಪುಣೆಗೋ ಹೋಗಿರುವವರು ಶಿಕ್ಷಕರ ಫೋನಿನಲ್ಲಿ ಮಕ್ಕಳೊಂದಿಗೆ ಮಾತಾಡಬಹುದು. ತಂಡ ಕೂಡಿದಾಗಲೆಲ್ಲ ಒಬ್ಬ ಶಿಕ್ಷಕರು ಜೊತೆಗಿರುತ್ತಾರೆ. ಬಾವಿಗೆ ಇಳಿಯುವುದು, ಮಾಳಿಗೆ ಹತ್ತುವುದು, ಕರೆಂಟಿನ ತಂತಿ ಮುಟ್ಟುವುದು ಮಕ್ಕಳಿಂದ ಖಂಡಿತ ಬೇಡ. ಸಾಮಾನು ಕೊಳ್ಳಲು ನಿಮ್ಮ ಜೇಬಿನಿಂದ ಹಣ ಹಾಕಬೇಕಿಲ್ಲ.

ಈ ಪತ್ರದ ಕೆಳಗಿನ ಚೀಟಿಯಲ್ಲಿ ನಿಮ್ಮ ಹೆಸರು, ನಿಮ್ಮ ಕಸುಬು, ಬರಲು ಅನುಕೂಲವಾದ ದಿನ ಬರೆದು ಮಗುವಿನ ಕೈಯಲ್ಲಿ ಸೋಮವಾರದೊಳಗೆ ಕಳಿಸಿ. ಬರೆಯಲು ಬಾರದವರು ಮಗುವಿಗೆ ಹೇಳಿ ಬರೆಸಿ. ಮೊದಲ ಸಭೆ ಮುಂದಿನ ಶನಿವಾರ, ನಳದ ಕಟ್ಟೆಯ ಹತ್ತಿರದ ಬೇವಿನ ಗಿಡದ ಕೆಳಗೆ.

ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ
ಸರ್ಕಾರಿ ಪ್ರೌಢಶಾಲೆ, ವಿಜಯಪುರ ತಾಲ್ಲೂಕು