ಡಿಂಗೋಲ್ಫಿಂಗ್‌ಗೆ ಹೊರಟ ಪುಟ್ಟಿಗೆ

ಪ್ರೀತಿಯ ಪುಟ್ಟಿ,

ನಿಮ್ಮಮ್ಮ ನಿನ್ನೆ ಫೋನ್ ಮಾಡಿದ್ದಳು. ನಿನಗೆ ಬಿಎಂಡಬ್ಲ್ಯೂನಲ್ಲಿ ಕೆಲಸ ಸಿಕ್ಕಿತೆಂದು ಐದು ನಿಮಿಷ ಖುಷಿಪಟ್ಟಳು. ಆಮೇಲೆ ಅರ್ಧ ಗಂಟೆ ನಿನ್ನ ಬೇಸರದ್ದೇ ಮಾತು. ಮ್ಯೂನಿಕ್ಕಿನ ದೊಡ್ಡ ಆಫೀಸು ಸಿಗಲಿಲ್ಲ, ಡಿಂಗೋಲ್ಫಿಂಗ್ ಅನ್ನೋ ಊರಿಗೆ ಹಾಕಿದ್ದಾರೆ. ಕೆಲಸವೂ ಕಾರಿನ ಡಿಸೈನ್ ಅಲ್ಲ, ಬಿಡಿಭಾಗಗಳ ಖರ್ಚಿನ ಲೆಕ್ಕ. ಅಷ್ಟೇ ತಾನೇ? ಜೀವಮಾನವಿಡೀ ಲೆಕ್ಕಪತ್ರ ನೋಡಿದವನು ನಾನು. ಆ ಕಂಪನಿಯ ಕತೆ ಸ್ವಲ್ಪ ಹೇಳುತ್ತೇನೆ. ಓದಿದ ಮೇಲೂ ಮುಖ ಊದಿಸಿಕೊಳ್ಳುವುದಾದರೆ ನಿನ್ನಿಷ್ಟ.

ಶುರುವಾಗಿದ್ದು ವಿಮಾನದ ಎಂಜಿನ್‌ನಿಂದ, ಮೊದಲ ಮಹಾಯುದ್ಧದ ಕಾಲದಲ್ಲಿ. ಕಂಪನಿ ತನ್ನ ಹುಟ್ಟಿನ ವರ್ಷ 1916 ಅನ್ನುತ್ತದೆ. ಆ ನೀಲಿ ಬಿಳಿ ಲಾಂಛನ ತಿರುಗುವ ಪ್ರೊಪೆಲ್ಲರ್ ಅಂತ ಎಲ್ಲರೂ ಹೇಳುತ್ತಾರೆ, ನಂಬಬೇಡ. ಅದು ಬವೇರಿಯಾ ರಾಜ್ಯದ ಬಣ್ಣ. ಪ್ರೊಪೆಲ್ಲರ್ ಕತೆ ಹಬ್ಬಿದ್ದು 1929ರ ಒಂದು ಜಾಹೀರಾತಿನಿಂದ. ಯುದ್ಧ ಸೋತ ಮೇಲೆ ಜರ್ಮನಿ ವಿಮಾನದ ಎಂಜಿನ್ ಮಾಡುವ ಹಾಗಿರಲಿಲ್ಲ. ಹೊಟ್ಟೆಪಾಡಿಗೆ ರೈಲಿನ ಬ್ರೇಕ್ ಮಾಡಿದರು. 1923ರಲ್ಲಿ ಆರ್ 32 ಮೋಟಾರ್ ಸೈಕಲ್ ಬಂತು. ಕಾರು ಬಂದದ್ದು 1928ರಲ್ಲಿ, ಅದೂ ಐಸೆನಾಖ್ ಊರಿನ ಒಂದು ಕಾರ್ಖಾನೆಯನ್ನು ಕೊಂಡುಕೊಂಡ ಮೇಲೆ. ಅಲ್ಲಿ ತಯಾರಾಗುತ್ತಿದ್ದದ್ದು ಇಂಗ್ಲೆಂಡಿನ ಪುಟಾಣಿ ಆಸ್ಟಿನ್ ಸೆವೆನ್, ಲೈಸೆನ್ಸ್ ಪಡೆದು ಮಾಡಿದ್ದು.

ಹಿಟ್ಲರನ ಕಾಲದಲ್ಲಿ ಮತ್ತೆ ವಿಮಾನದ ಎಂಜಿನ್ ಮಾಡಿದರು. ಮ್ಯೂನಿಕ್ ಪಕ್ಕದ ಆಲಾಖ್ ಕಾರ್ಖಾನೆಯಲ್ಲಿ ಡಾಖೌ ಸೆರೆಶಿಬಿರದ ಕೈದಿಗಳನ್ನು ಸಾವಿರಗಟ್ಟಲೆ ದುಡಿಸಿಕೊಂಡರು. ಅಲ್ಲಿಗೆ ಹೋದವರು ಇದನ್ನು ತಿಳಿದುಕೊಂಡಿರಬೇಕು. ಅಲ್ಲಿಯವರು ಮಾತಾಡಿದರೆ ಕೇಳು, ನಿನಗನ್ನಿಸಿದ್ದನ್ನು ನೀನೂ ಕೇಳು.

ಈಗ ನನಗೆ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಯುದ್ಧ ಮುಗಿದಾಗ ಐಸೆನಾಖ್ ರಷ್ಯನ್ನರ ಪಾಲಾಯಿತು. ಮ್ಯೂನಿಕ್ಕಿನಲ್ಲಿ ಪಾತ್ರೆ ಪಡಗ ಮಾಡಿ ದಿನ ದೂಡಿದರು. ಸ್ವಲ್ಪ ಚೇತರಿಸಿಕೊಂಡಿದ್ದೇ ತಡ, ಶ್ರೀಮಂತರ ಕಾರು ಮಾಡಲು ಹೊರಟರು. ಜನ ಕೊಳ್ಳುವ ಸ್ಥಿತಿಯಲ್ಲಿ ಇದ್ದಾರಾ ಅಂತ ಯಾರೂ ಕೇಳಲಿಲ್ಲವೋ ಏನೋ! 507 ಅನ್ನೋ ಕಾರಿನ ಫೋಟೋ ಹುಡುಕಿ ನೋಡು, ಕಣ್ಣು ಕೀಳಲಾಗದು. ಸೈನ್ಯದ ಕೆಲಸಕ್ಕೆ ಜರ್ಮನಿಗೆ ಬಂದ ಎಲ್ವಿಸ್ ಪ್ರೀಸ್ಲಿಯೂ ಒಂದನ್ನು ಓಡಿಸಿದ. ಆದರೆ ತಯಾರಾದದ್ದು ಇನ್ನೂರೈವತ್ತರ ಸುಮಾರು ಅಷ್ಟೇ, ಕಂಪನಿಗೆ ನಷ್ಟ.

ಅದೇ ಹೊತ್ತಿಗೆ ಇನ್ನೊಂದು ಕಾರಿತ್ತು, ಇಸೆಟ್ಟಾ. ಇಟಲಿಯವರದು, ಲೈಸೆನ್ಸ್ ತಂದು 1955ರಿಂದ ಮಾಡಿದರು. ಮೊಟ್ಟೆಯ ಹಾಗೆ ದುಂಡಗೆ, ಮೋಟಾರ್ ಸೈಕಲ್ಲಿನ ಒಂದೇ ಸಿಲಿಂಡರ್ ಎಂಜಿನ್. ಬಾಗಿಲು ಮುಂಭಾಗಕ್ಕೆ, ತೆರೆದರೆ ಸ್ಟಿಯರಿಂಗೂ ಅದರ ಜೊತೆಗೇ ಹೊರಗೆ ಬರುತ್ತದೆ! ನಗೋಕೆ ಒಳ್ಳೆ ವಸ್ತು. 1,60,000ಕ್ಕೂ ಜಾಸ್ತಿ ಮಾರಾಟವಾಯಿತು.

ಆದರೂ ಸಾಲ ತೀರಲಿಲ್ಲ. 1959ರ ಡಿಸೆಂಬರ್ 9ರಂದು ಮ್ಯೂನಿಕ್ಕಿನಲ್ಲಿ ಷೇರುದಾರರ ಸಭೆ. ಕಂಪನಿಯನ್ನು ಮರ್ಸಿಡಿಸ್ ಕಾರು ಮಾಡುತ್ತಿದ್ದ ಡೈಮ್ಲರ್-ಬೆನ್ಜ್ ಕೈಗೆ ಒಪ್ಪಿಸುವುದೆಂದು ಬ್ಯಾಂಕಿನವರು ಎಲ್ಲ ಸಿದ್ಧ ಮಾಡಿಕೊಂಡು ಬಂದಿದ್ದರು. ಸಣ್ಣ ಷೇರುದಾರರು, ಡೀಲರ್‌ಗಳು ಗಲಾಟೆ ಎಬ್ಬಿಸಿದರು. ಆದರೆ ಕೂಗಾಡಿದರೆ ಸಭೆ ನಿಲ್ಲುತ್ತದೆಯೇ? ನಿಲ್ಲಿಸಿದ್ದು ಫ್ರೀಡ್ರಿಶ್ ಮಾಟರ್ನ್ ಅನ್ನೋ ವಕೀಲ. ಬ್ಯಾಲೆನ್ಸ್ ಶೀಟ್ ಬಿಚ್ಚಿ ಒಂದು ಲೆಕ್ಕ ತೋರಿಸಿದ. ಹೊಸ 700 ಕಾರನ್ನು ರೂಪಿಸಿದ ಖರ್ಚನ್ನು ಹಲವು ವರ್ಷಗಳಿಗೆ ಹಂಚದೆ ಒಂದೇ ವರ್ಷದ ತಲೆಗೆ ಕಟ್ಟಿದ್ದರು, ಅದರಿಂದ ನಷ್ಟ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತಿತ್ತು. ಲೆಕ್ಕದಲ್ಲಿ ತಪ್ಪಿದೆ ಅಂದರೆ ಶೇ 10ರಷ್ಟು ಷೇರುಗಳ ಮತ ಸಾಕು, ಸಭೆ ಮುಂದಕ್ಕೆ ಹಾಕಬೇಕು. ಹಾಕಿದರು. ಡೈಮ್ಲರ್ ಯೋಜನೆ ಅಲ್ಲಿಗೇ ಬಿದ್ದುಹೋಯಿತು. ನನ್ನ ಕೇಳಿದರೆ ಆ ಕಂಪನಿಯ ಚರಿತ್ರೆಯಲ್ಲಿ ಇದಕ್ಕಿಂತ ರೋಚಕವಾದ ರೇಸು ಇನ್ನೊಂದಿಲ್ಲ.

ದೊಡ್ಡ ಷೇರುದಾರ ಹೆರ್ಬರ್ಟ್ ಕ್ವಾಂಟ್ ಕೂಡ ಅಲ್ಲಿಯವರೆಗೆ ಮಾರಾಟದ ಕಡೆಗೇ ವಾಲಿದ್ದ. ಚಿಕ್ಕಂದಿನಿಂದಲೇ ಕಣ್ಣು ಸರಿಯಾಗಿ ಕಾಣದ ಮನುಷ್ಯ. ಸಭೆಯ ನಂತರ ಮನಸ್ಸು ಬದಲಿಸಿ ತನ್ನ ದುಡ್ಡು ಸುರಿದ. ಅವನನ್ನು ದೇವರು ಮಾಡಬೇಡ. ಆ ಮನೆತನದ ಕಾರ್ಖಾನೆಗಳಲ್ಲೂ ಯುದ್ಧಕಾಲದಲ್ಲಿ ಕೈದಿಗಳು ದುಡಿದಿದ್ದರು. 700 ಚೆನ್ನಾಗಿ ಓಡಿತು. 1961ರಲ್ಲಿ ತೋರಿಸಿದ 1500 ಕಾರು ಕಂಪನಿಯನ್ನು ಗಟ್ಟಿಯಾಗಿ ನಿಲ್ಲಿಸಿತು. ಮುಂದಿನ 3 ಸೀರೀಸ್, 5 ಸೀರೀಸ್ ನಿನಗೇ ಗೊತ್ತು. ನಮ್ಮ ಬೆಂಗಳೂರಿಗೆ ಕೂಗಳತೆಯಲ್ಲಿರುವ ಹೊಸೂರಿನಲ್ಲಿ ಅವರ 310 ಬೈಕನ್ನು ಟಿವಿಎಸ್‌ನವರು ಮಾಡಿಕೊಡುತ್ತಾರೆ, ಅದೂ ಗೊತ್ತಿರಲಿ.

ಹಾಗಂತ ಅವರು ಆಮೇಲೆ ಎಡವಲಿಲ್ಲ ಅಂತಲ್ಲ. 1994ರಲ್ಲಿ ಇಂಗ್ಲೆಂಡಿನ ರೋವರ್ ಕಂಪನಿಯನ್ನು 80 ಕೋಟಿ ಪೌಂಡ್ ಕೊಟ್ಟು ಕೊಂಡರು. 2000ದಲ್ಲಿ ರೋವರ್ ಕಾರುಗಳ ವ್ಯವಹಾರವನ್ನು ಬರೀ 10 ಪೌಂಡಿಗೆ ಕೊಟ್ಟು ಕೈತೊಳೆದುಕೊಂಡರು. ರೋವರ್ ಜೊತೆ ಬಂದಿದ್ದ ಪುಟ್ಟ ಕಾರು ಮಿನಿಯನ್ನು ಮಾತ್ರ ಉಳಿಸಿಕೊಂಡಿದ್ದು ಜಾಣತನ. ನಿನ್ನ ಮೇಜಿಗೆ ಬರುವ ಅಂಕಿಗಳು ಸುಂದರವಾಗಿ ಕಂಡರೆ, ಯಾವ ಖರ್ಚನ್ನು ಯಾವ ವರ್ಷಕ್ಕೆ ಹಾಕಿದ್ದಾರೆ ಅಂತ ಮೊದಲು ನೋಡು. ಹೊಸಬಳು ಅಂತ ಸುಮ್ನೆ ಕೂರಬೇಡ, ಕೇಳು.

ಇನ್ನು ಡಿಂಗೋಲ್ಫಿಂಗ್. ಅಲ್ಲಿ ಹಾನ್ಸ್ ಗ್ಲಾಸ್ ಅನ್ನುವವರ ಕಾರ್ಖಾನೆಯಿತ್ತು. ಮೊದಲು ಬಿತ್ತನೆ ಯಂತ್ರ, ಆಮೇಲೆ ಸ್ಕೂಟರ್, ಆಮೇಲೆ ಗೊಗ್ಗೊಮೊಬಿಲ್ ಅನ್ನೋ ಪುಟ್ಟ ಕಾರು. ಮ್ಯೂನಿಕ್ಕಿನಲ್ಲಿ ಜಾಗ ಸಾಲದೆ ಬಿಎಂಡಬ್ಲ್ಯೂನವರು 1960ರ ದಶಕದ ಕೊನೆಯ ಹೊತ್ತಿಗೆ ಅದನ್ನು ಕೊಂಡರು, ಕೆಲಸ ಬಲ್ಲ ಜನರೂ ಜೊತೆಗೇ ಸಿಕ್ಕರು. ಇವತ್ತು 5 ಮತ್ತು 7 ಸೀರೀಸ್ ಅಲ್ಲೇ ತಯಾರಾಗುವುದು, ಮ್ಯೂನಿಕ್ಕಿನ ಕಾರ್ಖಾನೆಗಿಂತ ದೊಡ್ಡದು. ಸುತ್ತಲಿನ ಹಳ್ಳಿಗಳಿಂದ ಕೆಲಸಗಾರರನ್ನು ಕರೆತರಲು ಕಂಪನಿ ಬಸ್ಸುಗಳಿವೆ. ರೂಮು ಹುಡುಕುವಾಗ ಆ ಬಸ್ಸಿನ ದಾರಿ ಮೊದಲು ವಿಚಾರಿಸು, ಬಾಡಿಗೆ ಕಡಿಮೆ ಇರುವ ಊರಲ್ಲಿ ಇರಬಹುದು. ಚಳಿಗಾಲದ ಬೂಟು ಅಲ್ಲೇ ತಗೋ, ಇಲ್ಲಿಂದ ಹೊರಬೇಡ. ಭಾನುವಾರ ನಿಮ್ಮಮ್ಮನಿಗೆ ಫೋನ್ ಮಾಡು.

ಇಂತಿ ನಿನ್ನ ಸೋದರಮಾವ